ಹಳೆಯ ಗಾಡಿ: ರಿಪೇರಿಯೋ, ಬದಲಿಯೋ? ಲೆಕ್ಕ ಹಾಕುವ ಕ್ರಮ



ಕಳೆದ ಸಭೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಘಾಟ್ಕೋಪರ್ ಕಡೆಯ ಒಬ್ಬ ಸದಸ್ಯರು ನನ್ನನ್ನು ಬದಿಗೆ ಕರೆದು ಒಂದು ಪ್ರಶ್ನೆ ಕೇಳಿದರು. ಅವರ ಹೋಟೆಲಿನ ವ್ಯಾನಿಗೆ 11 ವರ್ಷ ಆಗಿದೆ. ಇಂಜಿನ್ ಕೆಲಸಕ್ಕೆ 45,000 ರೂಪಾಯಿ ಆಗುತ್ತದೆ ಎಂದು ಗ್ಯಾರೇಜಿನವರು ಹೇಳಿದ್ದಾರೆ. "ಮಾಡಿಸಲೋ, ಮಾರಲೋ?" ಮಗ ಹೊಸತು ತೆಗೆಯೋಣ ಎನ್ನುತ್ತಾನೆ, ಇವರಿಗೆ ಸಾಲ ಎಂದರೆ ಹೆದರಿಕೆ. ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ ಬಂದಿದೆ.

ನಾನು ಅಲ್ಲಿಯೇ ಉತ್ತರ ಹೇಳಲಿಲ್ಲ. ಏಕೆಂದರೆ ಈ ವಿಷಯದಲ್ಲಿ ನಾನು ಎರಡು ಸಲ ತಪ್ಪು ಮಾಡಿದವ. ಒಮ್ಮೆ ಇಡಬೇಕಾದ ಗಾಡಿಯನ್ನು ಮಾರಿದೆ, ಇನ್ನೊಮ್ಮೆ ಮಾರಬೇಕಾದ್ದನ್ನು ಇಟ್ಟುಕೊಂಡೆ. ನಂತರ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಆ ಲೆಕ್ಕ ಇತರರಿಗೂ ಉಪಯೋಗವಾದೀತು ಎಂದು ಇಲ್ಲಿ ಬರೆಯುತ್ತಿದ್ದೇನೆ. ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದವ. ಇಲ್ಲಿರುವುದು ಕೂಡಿಸು ಕಳೆ ಲೆಕ್ಕ ಮಾತ್ರ, ಗಲ್ಲೆಯಲ್ಲಿ ಕೂತ ಯಾರಿಗೂ ಕಷ್ಟವಿಲ್ಲ.

ಮೊದಲನೆಯ ತಪ್ಪು

2003ರಲ್ಲಿ ನಾನು ಮುಲುಂಡಿನ ಹೋಟೆಲಿಗೆ ಒಂದು ಮಾರುತಿ ಓಮ್ನಿ ತೆಗೆದುಕೊಂಡೆ. ವಾಶಿ ಮಾರ್ಕೆಟಿನಿಂದ ತರಕಾರಿ, ವಾರಕ್ಕೊಂದು ಸಲ ದಿನಸಿ, ಇಷ್ಟೇ ಕೆಲಸ. ಆರನೇ ವರ್ಷದಲ್ಲಿ ಕ್ಲಚ್, ಟೈರು, ಬ್ಯಾಟರಿ, ಶಾಕ್ ಅಬ್ಸಾರ್ಬರ್ ಎಲ್ಲ ಒಂದೇ ತಿಂಗಳಲ್ಲಿ ಬಂತು. ಬಿಲ್ 28,000. ಬಿಲ್ ನೋಡಿ ಹೆದರಿ, "ಇನ್ನು ಇದು ದುಡ್ಡು ತಿನ್ನುವ ಗಾಡಿ" ಎಂದು ತೀರ್ಮಾನಿಸಿ, ಎಲ್ಲ ರಿಪೇರಿ ಮಾಡಿಸಿದ ಮೇಲೆ ಮಾರಿಬಿಟ್ಟೆ! ಸಾಲ ಮಾಡಿ ಇನ್ನೊಂದು ಹೊಸ ಓಮ್ನಿ ತಂದೆ.

ಆ ಹಳೆಯ ಗಾಡಿಯನ್ನು ತೆಗೆದುಕೊಂಡವರು ನಮ್ಮ ಏರಿಯಾದ ಹಾಲಿನವರು. ಅವರು ಮತ್ತೆ ಏಳು ವರ್ಷ ಅದರಲ್ಲಿ ಹಾಲಿನ ಕ್ಯಾನು ತುಂಬಿಕೊಂಡು ನನ್ನ ಹೋಟೆಲಿನ ಎದುರಿನಿಂದಲೇ ಹೋಗುತ್ತಿದ್ದರು. ಪ್ರತಿದಿನ ಬೆಳಿಗ್ಗೆ 5 ಗಂಟೆಗೆ ಶಟರ್ ಎತ್ತುವಾಗ ನನ್ನ ಗಾಡಿ ಇನ್ನೊಬ್ಬರಿಗೆ ದುಡಿಯುವುದನ್ನು ನೋಡುತ್ತಿದ್ದೆ. ಕಂತು ಕಟ್ಟುವವ ಮಾತ್ರ ನಾನು.

ಆಗ ನನಗೆ ತಿಳಿಯದೇ ಇದ್ದದ್ದು ಇಷ್ಟು: ಟೈರು, ಬ್ಯಾಟರಿ, ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್ ಸವೆಯುವ ವಸ್ತುಗಳು. ಹೊಸ ಗಾಡಿಯಲ್ಲಿಯೂ ಅವು ಸವೆಯುತ್ತವೆ. ನಮ್ಮ ಗ್ರೈಂಡರಿನ ಬೆಲ್ಟ್ ಹೋದರೆ ಗ್ರೈಂಡರ್ ಮಾರುತ್ತೇವೆಯೇ? ಸವೆಯುವ ವಸ್ತುವಿನ ಬಿಲ್ ದೊಡ್ಡದಾದರೂ ಅದು ಗಾಡಿ ಮುದಿಯಾದ ಲಕ್ಷಣ ಅಲ್ಲ.

ಎರಡನೆಯ ತಪ್ಪು

ಮೊದಲನೆಯದರಿಂದ ಪಾಠ ಕಲಿತೆ ಎಂದುಕೊಂಡು ಎರಡನೆಯ ಓಮ್ನಿಯನ್ನು ಬಿಡಲೇ ಇಲ್ಲ. ಈ ನಡುವೆ ನಮ್ಮ ಕೆಟರಿಂಗ್ ಬೆಳೆಯಿತು. ಮುಂಜಿ, ಸೀಮಂತ, ಗೃಹಪ್ರವೇಶ, ಆಫೀಸಿನ ಊಟ, ಎಲ್ಲಕ್ಕೂ ಅದೇ ಗಾಡಿ. 13 ವರ್ಷವಾಯಿತು. ಕೊನೆಯ ಎರಡು ವರ್ಷ ಪ್ರತಿ ತಿಂಗಳು ಏನಾದರೊಂದು. ಒಂದು ಸಲಕ್ಕೆ ಮೂರು ಸಾವಿರ, ನಾಲ್ಕು ಸಾವಿರ. ಸಣ್ಣ ಬಿಲ್ ಆದ್ದರಿಂದ ಗಲ್ಲೆಯಿಂದಲೇ ಕೊಟ್ಟುಬಿಡುತ್ತಿದ್ದೆ, ಎಲ್ಲಿಯೂ ಬರೆದಿಡುತ್ತಿರಲಿಲ್ಲ. ನಮ್ಮ ಚಾಲಕ ಮೂರು ಸಲ ಹೇಳಿದ್ದ: "ಅಣ್ಣ, ರೇಡಿಯೇಟರಿಗೆ ದಿನಾ ನೀರು ಹಾಕಬೇಕಾಗ್ತದೆ." ನಾನು, "ಎರಡು ಬಾಟ್ಲಿ ನೀರು ಗಾಡಿಯಲ್ಲಿ ಇಟ್ಟುಕೋ ಮಾರಾಯ" ಎಂದು ಹೇಳಿ ಕಳಿಸಿದ್ದೆ.

2022ರ ಮೇ ತಿಂಗಳು. ಡೊಂಬಿವಲಿಯಲ್ಲಿ ಒಂದು ಉಪನಯನ, 350 ಜನರ ಊಟ. ಬೆಳಿಗ್ಗೆ ಹತ್ತೂವರೆಗೆ ಗಾಡಿ ಬಿಟ್ಟಿತು. ಮಹಾಪೆ ದಾಟಿ ಶಿಳ್‌ಫಾಟಾ ಕಡೆಗೆ ಏರುವಲ್ಲಿ ಇಂಜಿನ್ ಕುದಿದು ನಿಂತಿತು. ಹೋಸ್ ಒಡೆದು ನೀರೆಲ್ಲ ಹೋಗಿ ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು. ಬಿಸಿಲು ಎಂದರೆ ಬಿಸಿಲು. ಗಾಡಿಯಲ್ಲಿ ಅನ್ನ, ಸಾಂಬಾರು, ಎರಡು ಪಲ್ಯ, ಮೊಸರು, ಪಾಯಸ. ನಾನು ಹಾಲ್‌ನಲ್ಲಿ ಎಲೆ ಹಾಕಿಸಿಕೊಂಡು ಕಾಯುತ್ತಿದ್ದೆ. ಬೇರೆ ಟೆಂಪೋ ಹುಡುಕಿ, ಪಾತ್ರೆಗಳನ್ನು ರಸ್ತೆ ಬದಿಯಲ್ಲಿ ಇಳಿಸಿ ಏರಿಸಿ ತರುವಾಗ ಒಂದೂ ಮುಕ್ಕಾಲು. ಒಂದು ಪಲ್ಯ ಮತ್ತು ಮೊಸರು ಹುಳಿ ವಾಸನೆ ಬಂದಿತ್ತು, ಹೊರಗೆ ಸುರಿದೆವು. ಸಾಂಬಾರನ್ನು ಅಲ್ಲಿಯೇ ಸ್ಟವ್ ಹಚ್ಚಿ ಕುದಿಸಿ ಬಡಿಸಿದೆವು. ಬೇಯಿಸಿದ ಪದಾರ್ಥ 60 ಡಿಗ್ರಿಗಿಂತ ಕೆಳಗೆ ಇಳಿದು ತಾಸುಗಟ್ಟಲೆ ಕೂತರೆ ಏನಾಗುತ್ತದೆ ಎಂದು ಹೋಟೆಲಿನವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ದಿನ ಯಾರಿಗೂ ಹೊಟ್ಟೆ ಕೆಡಲಿಲ್ಲ. ಅದು ದೇವರ ದಯೆ, ನನ್ನ ಜಾಣತನ ಅಲ್ಲ.

ಆ ಯಜಮಾನರು ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು. ಪೂರ್ತಿ ಬಿಲ್ ಕೊಟ್ಟರು, ಕೈ ಮುಗಿದರು. ಇಪ್ಪತ್ತು ವರ್ಷದಿಂದ ಆ ಮನೆಯ ಎಲ್ಲ ಕಾರ್ಯಕ್ರಮ ನಮ್ಮದೇ ಆಗಿತ್ತು. ಮರುವರ್ಷ ಅವರ ಮಗಳ ಮದುವೆಗೆ ಬೇರೆಯವರ ಊಟ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಹಿರಿಯರು ಹೇಳುತ್ತಾರೆ. ನನ್ನ ಮಾನ ಒಂದು ರಬ್ಬರ್ ಹೋಸ್‌ಗೆ ಹೋಯಿತು.

ಅದಕ್ಕಿಂತ ದೊಡ್ಡ ವಿಷಯ ಮರುದಿನ ಗೊತ್ತಾಯಿತು. ಮೆಕ್ಯಾನಿಕ್ ಗಾಡಿಯನ್ನು ಮೇಲೆತ್ತಿ ನನ್ನನ್ನು ಕೆಳಗೆ ಕರೆದು ಬ್ರೇಕ್ ಪೈಪ್ ತೋರಿಸಿದ. ವರ್ಷಗಟ್ಟಲೆ ಸಾಂಬಾರು, ಮಜ್ಜಿಗೆ, ಉಪ್ಪುನೀರು ಚೆಲ್ಲಿದ ಕಡೆ ನೆಲದ ತಗಡು ತುಕ್ಕು ಹಿಡಿದು, ಅದರ ಕೆಳಗಿನ ಪೈಪ್ ಕೂಡ ತಿಂದುಹೋಗಿತ್ತು. ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು. "ಸೇಠ್, ಚಢಾವ್‌ನಲ್ಲಿ ನಿಂತದ್ದು ಒಳ್ಳೆಯದಾಯಿತು, ಉತಾರ್‌ನಲ್ಲಿ ಇದು ಹೋಗಿದ್ದರೆ?" ಎಂದ. ಆ ಗಾಡಿಯ ಹಿಂದೆ ಬಿಸಿ ಪಾತ್ರೆಗಳ ಜೊತೆ ನಮ್ಮ ಇಬ್ಬರು ಹುಡುಗರು ಕೂತುಕೊಂಡು ಹೋಗುತ್ತಿದ್ದರು. ಅದೂ ನನ್ನದೇ ತಪ್ಪು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಆದ್ದರಿಂದ ಮೊದಲು ಮೂರು ವಿಂಗಡಣೆ

ಈಗ ನಾನು ಗಾಡಿಯ ಪ್ರತಿ ಖರ್ಚನ್ನು ಮೂರು ಬಗೆಯಾಗಿ ನೋಡುತ್ತೇನೆ.

1. ಸವೆಯುವ ಖರ್ಚು. ಟೈರು, ಬ್ಯಾಟರಿ, ಕ್ಲಚ್, ಬ್ರೇಕ್ ಪ್ಯಾಡ್, ಆಯಿಲ್, ಫಿಲ್ಟರ್, ಬೆಲ್ಟ್. ಗಾಡಿ ಹೊಸತಾದರೂ ಹಳತಾದರೂ ಇವು ಇದ್ದದ್ದೇ. ಇವನ್ನು ನೋಡಿ ಗಾಡಿ ಮಾರಬೇಡಿ.

2. ಮುಪ್ಪಿನ ಖರ್ಚು. ಇಂಜಿನ್ ಆಯಿಲ್ ಸುಡುವುದು, ಗೇರ್‌ಬಾಕ್ಸ್, ರೇಡಿಯೇಟರ್, ವೈರಿಂಗ್, ಬಾಡಿಯ ತುಕ್ಕು. ಇಲ್ಲಿ ಲೆಕ್ಕ ಹಾಕಬೇಕು. ಹೊಗೆಯೇ ಅರ್ಧ ಕಥೆ ಹೇಳುತ್ತದೆ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಇಂಜಿನ್ ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ಬರುತ್ತಿದ್ದರೆ ನೀರು ಒಳಗೆ ಹೋಗುತ್ತಿದೆ. ಕಪ್ಪು ಹೊಗೆ ಎಂದರೆ ಇಂಧನ ಹೆಚ್ಚು ಅಥವಾ ಗಾಳಿ ಕಡಿಮೆ, ಹೆಚ್ಚಾಗಿ ಸಣ್ಣ ಖರ್ಚಿನಲ್ಲಿ ಸರಿಹೋಗುತ್ತದೆ. ಇಂಜಿನ್ ಬಿಚ್ಚುವ ಮೊದಲು ಕಂಪ್ರೆಶನ್ ಟೆಸ್ಟ್ ಮಾಡಿಸಿ. ಸ್ವಲ್ಪ ದುಡ್ಡಿನ ಕೆಲಸ, ಸುಮ್ಮನೆ ಬಿಚ್ಚಿ ನೋಡುವುದು ತಪ್ಪುತ್ತದೆ.

ಇವುಗಳಲ್ಲಿ ಇಂಜಿನ್‌ಗಿಂತ ತುಕ್ಕು ಕೆಟ್ಟದು. ಇಂಜಿನ್ ಬಿಚ್ಚಿ ಕಟ್ಟಬಹುದು. ಆದರೆ ಓಮ್ನಿಯಂತಹ ಗಾಡಿಗೆ ಲಾರಿಯ ಹಾಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಅದರ ಬೆನ್ನುಮೂಳೆ. ತಗಡು ತಿಂದುಹೋದರೆ ವೆಲ್ಡಿಂಗ್ ತೇಪೆಯಿಂದ ಹೆಚ್ಚು ದಿನ ನಡೆಯುವುದಿಲ್ಲ. ಮುಂಬಯಿ, ಚೆನ್ನೈಯ ಸಮುದ್ರದ ಗಾಳಿ ಒಂದು ಕಡೆ, ನಮ್ಮ ಸಾಂಬಾರು ಚೆಲ್ಲುವುದು ಇನ್ನೊಂದು ಕಡೆ. ಗಾಡಿಯನ್ನು ಮೇಲೆತ್ತಿಸಿ, ಮ್ಯಾಟ್ ತೆಗೆಸಿ, ಸ್ಕ್ರೂಡ್ರೈವರಿನಿಂದ ತಗಡನ್ನು ಒತ್ತಿ ನೋಡಿ. ಒಳಗೆ ಹೋದರೆ ಆ ಗಾಡಿಗೆ ಇಂಜಿನ್ ಕೆಲಸ ಮಾಡಿಸುವುದು ಹೊಳೆಗೆ ಹುಣಸೆಹಣ್ಣು ಕಿವುಚಿದ ಹಾಗೆ.

3. ಜೀವದ ಖರ್ಚು. ಬ್ರೇಕ್, ಸ್ಟಿಯರಿಂಗ್, ಟೈರಿನ ಒಡಕು, ಸಿ.ಎನ್.ಜಿ. ಲೈನ್ ಮತ್ತು ಸಿಲಿಂಡರ್. ಇಲ್ಲಿ ಲೆಕ್ಕ ಇಲ್ಲ, ಚರ್ಚೆ ಇಲ್ಲ. ಅಡುಗೆಮನೆಯ ಗ್ಯಾಸ್ ಟ್ಯೂಬ್ ಬಿರುಕು ಬಿಟ್ಟರೆ "ಮುಂದಿನ ತಿಂಗಳು ನೋಡೋಣ" ಎನ್ನುತ್ತೇವೆಯೇ? ಸರಿ ಆಗುವವರೆಗೆ ಗಾಡಿ ರಸ್ತೆಗೆ ಇಳಿಯಬಾರದು. ಸಿ.ಎನ್.ಜಿ. ಸಿಲಿಂಡರಿಗೆ 3 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಕಡ್ಡಾಯ, ತಾರೀಕು ನೋಡಿಕೊಳ್ಳಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 1819 ಎಂದಿದ್ದರೆ 2019ರ 18ನೇ ವಾರದ ಟೈರ್. ಗುಂಡಿ ಆಳವಾಗಿ ಕಂಡರೂ ರಬ್ಬರ್ ಹಳತಾಗಿರುತ್ತದೆ.

ಗಾಡಿಗೊಂದು ಪುಸ್ತಕ

ನಾವು ಒಂದು ಕಿಲೋ ಉದ್ದಿನಬೇಳೆಗೆ ಎಷ್ಟು ಇಡ್ಲಿ ಎಂದು ನಿದ್ರೆಯಲ್ಲಿ ಕೇಳಿದರೂ ಹೇಳುತ್ತೇವೆ. ಗಾಡಿಗೆ ಕಳೆದ ವರ್ಷ ಎಷ್ಟು ಖರ್ಚಾಯಿತು ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತೇವೆ. 40 ರೂಪಾಯಿಯ ಒಂದು ಪುಸ್ತಕ ಗಾಡಿಯಲ್ಲೇ ಇರಲಿ. ಐದು ಕಾಲಂ ಸಾಕು: ತಾರೀಕು, ಕಿಲೋಮೀಟರ್, ಏನು ಕೆಲಸ, ಎಷ್ಟು ಹಣ, ಎಷ್ಟು ದಿನ ಗಾಡಿ ನಿಂತಿತು. ಕೊನೆಯ ಕಾಲಂ ಯಾರೂ ಬರೆಯುವುದಿಲ್ಲ, ಆದರೆ ಅದೇ ಮುಖ್ಯ. ನಾಲ್ಕು ಸಾವಿರದ ರಿಪೇರಿಗೆ ಮೂರು ದಿನ ಗಾಡಿ ನಿಂತರೆ ಬಾಡಿಗೆ ಟೆಂಪೋಗೆ ಏಳು ಸಾವಿರ ಹೋಗಿರುತ್ತದೆ.

ಲೆಕ್ಕ

ಈಗ ಘಾಟ್ಕೋಪರಿನ ಮಿತ್ರರ ಗಾಡಿಗೆ ಬರೋಣ. ದಿನಕ್ಕೆ 40 ಕಿ.ಮೀ., ವರ್ಷಕ್ಕೆ 300 ದಿನ, ಅಂದರೆ 12,000 ಕಿ.ಮೀ. ಸಿ.ಎನ್.ಜಿ. ಕಿಲೋಗೆ 80 ರೂಪಾಯಿ ಎಂದು ಹಿಡಿದುಕೊಳ್ಳೋಣ. ನಿಮ್ಮ ಊರಿನ ದರ, ನಿಮ್ಮ ಓಡಾಟ ಹಾಕಿಕೊಳ್ಳಿ.

ಹಳೆಯ ಗಾಡಿ, ಮುಂದಿನ ಒಂದು ವರ್ಷ:
ಇಂಜಿನ್ ಕೆಲಸ ಸೇರಿ ರಿಪೇರಿ: 60,000
ಗ್ಯಾಸ್ (ಕಿಲೋಗೆ 15 ಕಿ.ಮೀ.): 64,000
ವಿಮೆ: 18,000
ಬೆಲೆ ಇಳಿಯುವುದು (1,10,000ದಿಂದ 90,000ಕ್ಕೆ): 20,000
ಗಾಡಿ ನಿಂತ 9 ದಿನ ಬಾಡಿಗೆ ಟೆಂಪೋ, ದಿನಕ್ಕೆ 2,500: 22,500
ಒಟ್ಟು: 1,84,500

ಹೊಸ ಗಾಡಿ, ಎಲ್ಲ ಸೇರಿ 6,50,000. ಹಳೆಯದನ್ನು ಮಾರಿ 1,10,000, ಕೈಯಿಂದ 40,000, ಸಾಲ 5,00,000. ಶೇ. 10 ಬಡ್ಡಿಗೆ 5 ವರ್ಷಕ್ಕೆ ತಿಂಗಳ ಕಂತು ಸುಮಾರು 10,625. ಐದು ವರ್ಷದಲ್ಲಿ ಬಡ್ಡಿಯೇ ಸುಮಾರು 1,37,500.
ಸರ್ವಿಸ್, ರಿಪೇರಿ: 15,000
ಗ್ಯಾಸ್ (ಕಿಲೋಗೆ 19 ಕಿ.ಮೀ.): 50,500
ವಿಮೆ: 28,000
ಬೆಲೆ ಇಳಿಯುವುದು (5 ವರ್ಷದಲ್ಲಿ 3,00,000ಕ್ಕೆ ಇಳಿಯಿತೆಂದು ಹಿಡಿದರೆ ವರ್ಷಕ್ಕೆ): 70,000
ಬಡ್ಡಿ, ವರ್ಷಕ್ಕೆ: 27,500
ಒಟ್ಟು: 1,91,000

ನೋಡಿ, ವ್ಯತ್ಯಾಸ 6,500 ಮಾತ್ರ. "ಹೊಸತು ತುಂಬಾ ದುಬಾರಿ" ಎನ್ನುವವರೂ "ಹಳತು ದುಡ್ಡು ತಿನ್ನುತ್ತದೆ" ಎನ್ನುವವರೂ ಇಬ್ಬರೂ ಸರಿಯಲ್ಲ. ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಇನ್ನು ಮೂರು ಪ್ರಶ್ನೆ ಕೇಳಬೇಕು.

ಒಂದು, ಈ ರಿಪೇರಿಗೆ ಎಷ್ಟು ವರ್ಷ ಆಯುಷ್ಯ? 45,000ದ ಇಂಜಿನ್ ಕೆಲಸ ಒಂದೇ ವರ್ಷಕ್ಕಲ್ಲ. ಗಾಡಿಯನ್ನು ಮೇಲೆತ್ತಿಸಿ ನೋಡಿದೆವು, ತಗಡು ಗಟ್ಟಿ ಇತ್ತು. ಇನ್ನು ನಾಲ್ಕು ವರ್ಷ ಓಡಿಸಬಹುದು ಎಂದಾದರೆ ವರ್ಷಕ್ಕೆ 11,250. ಮಾಮೂಲಿ ಸರ್ವಿಸ್ 15,000, ಅನಿರೀಕ್ಷಿತಕ್ಕೆ 10,000 ಇಟ್ಟರೂ ರಿಪೇರಿ ಖರ್ಚು 36,250. ಆಗ ಹಳೆಯ ಗಾಡಿಯ ಒಟ್ಟು 1,60,750. ಹೊಸದಕ್ಕಿಂತ ವರ್ಷಕ್ಕೆ 30,250 ಉಳಿತಾಯ. ಅದೇ ತಗಡು ತಿಂದುಹೋಗಿ ಒಂದೇ ವರ್ಷದ ಆಯುಷ್ಯ ಇದ್ದಿದ್ದರೆ ಆ 45,000 ಪೂರ್ತಿ ನೀರಿಗೆ.

ಎರಡು, ಕಂತು ಕಟ್ಟಲು ಆಗುತ್ತದೆಯೇ? ಬೆಲೆ ಇಳಿಯುವುದು ಕಣ್ಣಿಗೆ ಕಾಣದ ಖರ್ಚು, ಕಂತು ಮಾತ್ರ ತಿಂಗಳು ತಿಂಗಳು ಕೈಯಿಂದ ಹೋಗುವ ಹಣ. ಹೊಸ ಗಾಡಿಗೆ ವರ್ಷಕ್ಕೆ ಕೈಯಿಂದ ಹೋಗುವುದು ಸುಮಾರು 2,21,000. ಹಳೆಯದಕ್ಕೆ, ಇಂಜಿನ್ ಕೆಲಸ ಮಾಡಿಸುವ ವರ್ಷದಲ್ಲಿಯೂ, 1,64,500. ತಿಂಗಳಿಗೆ ಸುಮಾರು 4,700 ಹೆಚ್ಚು. ಒಳ್ಳೆಯ ತಿಂಗಳನ್ನು ನೋಡಿ ತೀರ್ಮಾನ ಮಾಡಬೇಡಿ. ಆಷಾಢ, ಪಿತೃಪಕ್ಷ, ಮಕ್ಕಳ ಪರೀಕ್ಷೆಯ ತಿಂಗಳು, ಆಗಲೂ ಕಂತು ಕಟ್ಟಲು ಆಗಬೇಕು.

ಮೂರು, ಗಾಡಿ ಏನನ್ನು ಹೊರುತ್ತದೆ? ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ತರಕಾರಿ ತರುವ ಗಾಡಿ ಐರೋಲಿ ಸೇತುವೆಯ ಮೇಲೆ ನಿಂತರೆ ಆ ದಿನ ಪಲ್ಯ ಬದಲಾಗುತ್ತದೆ, ಅಷ್ಟೇ. ಮುಹೂರ್ತದ ಊಟ ಹೊತ್ತ ಗಾಡಿ ನಿಂತರೆ ಇಪ್ಪತ್ತು ವರ್ಷದ ಮನೆ ಹೋಗುತ್ತದೆ. ಗಾಡಿ ಒಂದೇ, ರಿಪೇರಿ ಬಿಲ್ ಒಂದೇ, ಆದರೆ ಉತ್ತರ ಬೇರೆ.

ಮೂರನೆಯ ದಾರಿಯೂ ಉಂಟು. ಹಳೆಯ ಗಾಡಿಯನ್ನು ಮಾರ್ಕೆಟಿಗೆ ಮಾತ್ರ ಇಟ್ಟುಕೊಂಡು ಆರ್ಡರಿನ ದಿನ ಒಳ್ಳೆಯ ಟೆಂಪೋ ಬಾಡಿಗೆಗೆ ಹೇಳಿ ಆ ಬಾಡಿಗೆಯನ್ನು ಆರ್ಡರಿನ ದರದಲ್ಲೇ ಸೇರಿಸುವುದು. ವರ್ಷಕ್ಕೆ ಎಂಟು ಆರ್ಡರ್ ಎಂದರೆ 20,000 ರೂಪಾಯಿ, ಅದು ಲಾಭ. ನಲವತ್ತು ಆರ್ಡರ್ ಎಂದರೆ ಒಂದು ಲಕ್ಷ, ಆಗ ಸ್ವಂತ ಹೊಸ ಗಾಡಿಯೇ ಸರಿ.

ನನ್ನ ಸಂಗತಿಯಲ್ಲಿ ತಗಡು ಹೋಗಿತ್ತು, ಆರ್ಡರ್ ಹೆಚ್ಚಿತ್ತು. 2020ರಲ್ಲೇ ಬದಲಾಯಿಸಬೇಕಿತ್ತು. ಲಾಕ್‌ಡೌನ್ ವರ್ಷ, ಕಂತಿಗೆ ಧೈರ್ಯ ಬರಲಿಲ್ಲ ಎನ್ನುವುದು ನಿಜ. ಆದರೆ ಎರಡು ವರ್ಷ ಬಾಡಿಗೆ ಟೆಂಪೋದಲ್ಲಿ ಊಟ ಕಳಿಸಬಹುದಿತ್ತು, ಅದು ಹೊಳೆಯಲಿಲ್ಲ.

ಇನ್ನೊಂದು ಮಾತು. "ಕಳೆದ ವರ್ಷವೇ ಐವತ್ತು ಸಾವಿರ ಹಾಕಿದ್ದೇನೆ, ಈಗ ಹೇಗೆ ಬಿಡುವುದು?" ಎಂಬ ಮೋಹ ಎಲ್ಲರಿಗೂ ಬರುತ್ತದೆ. ಹಾಕಿದ ಹಣ ಹೋಯಿತು. ಕೆಟ್ಟ ಹಿಟ್ಟಿಗೆ ಇನ್ನಷ್ಟು ಉದ್ದು ಹಾಕಿದರೆ ಇಡ್ಲಿ ಸರಿಯಾಗುವುದಿಲ್ಲ. ಇನ್ನು ಮುಂದೆ ಹೋಗುವ ಹಣವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಕಾಗದ ಪತ್ರದ ವಿಷಯ

ಖಾಸಗಿ ನೋಂದಣಿಯ ಗಾಡಿಗೆ 15 ವರ್ಷ. ನಂತರ 5 ವರ್ಷಕ್ಕೊಮ್ಮೆ ನವೀಕರಣ. ಕಾರು ವರ್ಗದ ಗಾಡಿಗೆ 2022ರ ಏಪ್ರಿಲ್‌ನಿಂದ ನವೀಕರಣ ಶುಲ್ಕ 600ರಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಗಾಡಿಗೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು. ಮಹಾರಾಷ್ಟ್ರದಲ್ಲಿ ಹಸಿರು ತೆರಿಗೆಯೂ ಉಂಟು. ಸಾಗಣೆ ನೋಂದಣಿಯ ಗಾಡಿಗೆ 8 ವರ್ಷದವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್. ಆದ್ದರಿಂದ 14ನೇ ವರ್ಷದಲ್ಲಿ ದೊಡ್ಡ ರಿಪೇರಿ ಮಾಡಿಸುವ ಮೊದಲು ಆರ್.ಟಿ.ಓ. ಖರ್ಚನ್ನೂ ಕೂಡಿಸಿಕೊಳ್ಳಿ.

ದೆಹಲಿಯ ಸದಸ್ಯರು ಹೆಚ್ಚು ಎಚ್ಚರದಿಂದಿರಬೇಕು. ಅಲ್ಲಿ ಡೀಸೆಲ್ ಗಾಡಿಗೆ 10, ಪೆಟ್ರೋಲ್ ಗಾಡಿಗೆ 15 ವರ್ಷ ಎಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಕೋರ್ಟ್ ಬಲವಂತದ ಕ್ರಮ ಬೇಡ ಎಂದು ರಕ್ಷಣೆ ಕೊಟ್ಟು, ಡಿಸೆಂಬರ್‌ನಲ್ಲಿ ಅದನ್ನು ಬಿ.ಎಸ್.-4 ಮತ್ತು ಅದರ ನಂತರದ ಗಾಡಿಗಳಿಗೆ ಸೀಮಿತ ಮಾಡಿತು. ಅಲ್ಲಿ ಇಂಜಿನ್ ಕೆಲಸಕ್ಕೆ ಹಣ ಹಾಕುವ ಮೊದಲು ಗಾಡಿಯ ಆರ್.ಸಿ. ಹಿಡಿದುಕೊಂಡು ಹೋಗಿ ಆ ದಿನದ ನಿಯಮ ಕೇಳಿ.

ವಿಮೆಯ ಬಗ್ಗೆ ಎರಡು ಮಾತು. ಕ್ಲೇಮ್ ಇಲ್ಲದ ಬೋನಸ್, ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಶೇ. 50ರವರೆಗೆ, ಗಾಡಿಯದ್ದಲ್ಲ, ಮಾಲೀಕರದ್ದು. ಹಳೆಯದನ್ನು ಮಾರುವಾಗ ಕಂಪೆನಿಯಿಂದ ಪತ್ರ ತೆಗೆದುಕೊಂಡರೆ ಅದೇ ವರ್ಗದ ಹೊಸ ಗಾಡಿಗೆ ಸಿಗುತ್ತದೆ. ನಮ್ಮಲ್ಲಿ ಅನೇಕರು ಅದನ್ನು ಬಿಟ್ಟುಬಿಡುತ್ತಾರೆ. ಎರಡನೆಯದು, ಮನೆಯ ಕಾರು ಎಂದು ನೋಂದಣಿ ಮಾಡಿಸಿ ಸೀಟು ತೆಗೆದು ಪಾತ್ರೆ ಸಾಗಿಸಿದರೆ ಅಪಘಾತದ ಸಮಯದಲ್ಲಿ ಕ್ಲೇಮ್‌ಗೆ ತಕರಾರು ಬರಬಹುದು. ಮಾಡುವ ಕೆಲಸಕ್ಕೆ ತಕ್ಕ ನೋಂದಣಿ ಇರಲಿ.

ತೆರಿಗೆ ಉಳಿಯುತ್ತದೆ ಎಂದು ಗಾಡಿ ತೆಗೆಯಬೇಡಿ. ಸ್ವಂತ ವ್ಯಾಪಾರದ ಗಾಡಿಗೆ ಸವಕಳಿ ಶೇ. 15. ಆ ವರ್ಷ 180 ದಿನಕ್ಕಿಂತ ಕಡಿಮೆ ಉಪಯೋಗಿಸಿದರೆ ಅರ್ಧ ಮಾತ್ರ. ಆದ್ದರಿಂದ ತೆಗೆಯುವುದೇ ಆದರೆ ಸೆಪ್ಟೆಂಬರ್ ಒಳಗೆ ಲಾಭ. ಅಂದಾಜು ಆದಾಯದ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಅದೂ ಪ್ರತ್ಯೇಕವಾಗಿ ಸಿಗುವುದಿಲ್ಲ. ಶೇ. 5 ಜಿ.ಎಸ್.ಟಿ. ಕಟ್ಟುವ ಹೋಟೆಲಿನವರಿಗೆ ಗಾಡಿಯ ಜಿ.ಎಸ್.ಟಿ. ವಾಪಸು ಬರುವುದಿಲ್ಲ, ಅದು ಪೂರ್ತಿ ನಮ್ಮ ಖರ್ಚು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರು ಮತ್ತು ಸರಕು ಗಾಡಿಗಳ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿದದ್ದು ನಮಗೆ ನೇರವಾಗಿ ಉಪಕಾರವಾಯಿತು. ಹಳೆಯದನ್ನು ಮಾರುವಾಗಲೂ ಜಿ.ಎಸ್.ಟಿ. ಪ್ರಶ್ನೆ ಬರಬಹುದು, ಆಡಿಟರನ್ನು ಕೇಳಿ.

ಮಾರುವಾಗ ಫಾರ್ಮ್ 29, 30 ಸಹಿ ಮಾಡಿ ಕೊಟ್ಟು ಮನೆಗೆ ಹೋಗಬೇಡಿ. ಆರ್.ಸಿ.ಯಲ್ಲಿ ಹೆಸರು ಬದಲಾದದ್ದನ್ನು ಕಣ್ಣಾರೆ ನೋಡಿ. ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮಾರಿದ ಗಾಡಿಯ ಅಪಘಾತಕ್ಕೆ ನೀವು ಕೋರ್ಟಿಗೆ ಅಲೆಯಬೇಕಾದೀತು. ಮಾರಲು ಯೋಗ್ಯವಲ್ಲದ ಗಾಡಿಯಾದರೆ ಸರಕಾರದ ಮಾನ್ಯತೆ ಇರುವ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟು ಠೇವಣಿ ಪ್ರಮಾಣಪತ್ರ ಪಡೆಯಿರಿ. ಹೊಸ ಗಾಡಿಯ ನೋಂದಣಿ ಶುಲ್ಕ ಉಳಿಯುತ್ತದೆ, ರಾಜ್ಯದ ನಿಯಮದಂತೆ ರಸ್ತೆ ತೆರಿಗೆಯಲ್ಲಿ ಖಾಸಗಿ ಗಾಡಿಗೆ ಶೇ. 25ರವರೆಗೆ, ಸಾಗಣೆ ಗಾಡಿಗೆ ಶೇ. 15ರವರೆಗೆ ರಿಯಾಯಿತಿ ಉಂಟು. ನನ್ನ ಓಮ್ನಿಯನ್ನು ನಾನು ಯಾರಿಗೂ ಮಾರಲಿಲ್ಲ, ಸ್ಕ್ರ್ಯಾಪಿಗೆ ಕೊಟ್ಟೆ. ಆ ಬ್ರೇಕ್ ಪೈಪ್ ನೋಡಿದ ಮೇಲೆ ಇನ್ನೊಬ್ಬರ ಮನೆಯ ಹುಡುಗರನ್ನು ಅದರಲ್ಲಿ ಕೂರಿಸಲು ಮನಸ್ಸಾಗಲಿಲ್ಲ.

ಹಳೆಯದನ್ನೇ ಇಟ್ಟುಕೊಳ್ಳುವವರು

ಇಟ್ಟುಕೊಳ್ಳುವುದೇ ಆದರೆ ಸರಿಯಾಗಿ ಇಟ್ಟುಕೊಳ್ಳಿ. ಕೆಟ್ಟ ಮೇಲೆ ರಿಪೇರಿ ಮಾಡುವುದನ್ನು ಬಿಡಿ. ವರ್ಷಕ್ಕೊಮ್ಮೆ, ಆಷಾಢದಲ್ಲಿ ಆರ್ಡರ್ ಇಲ್ಲದಾಗ, ಗಾಡಿಯನ್ನು ಎರಡು ದಿನ ಗ್ಯಾರೇಜಿಗೆ ಬಿಡಿ. ರೇಡಿಯೇಟರ್ ಹೋಸ್, ಫ್ಯಾನ್ ಬೆಲ್ಟ್ ಒಡೆಯುವ ಮೊದಲೇ ಬದಲಾಯಿಸಿ. ಟೈಮಿಂಗ್ ಬೆಲ್ಟ್ ಇರುವ ಇಂಜಿನ್ ಆದರೆ ಕಂಪೆನಿ ಹೇಳಿದ ಕಿಲೋಮೀಟರಿಗೆ ತಪ್ಪದೆ ಬದಲಾಯಿಸಿ. ರೇಡಿಯೇಟರಿಗೆ ನಲ್ಲಿ ನೀರಲ್ಲ, ಕೂಲಂಟ್ ಹಾಕಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಪಾತ್ರೆ ಇಡುವಲ್ಲಿ ಅಂಚು ಎತ್ತಿದ ಸ್ಟೀಲ್ ಟ್ರೇ ಮಾಡಿಸಿ, ಚೆಲ್ಲಿದ್ದು ತಗಡಿಗೆ ಇಳಿಯಬಾರದು. ಆರ್ಡರ್ ಮುಗಿಸಿ ಬಂದ ದಿನವೇ ನೆಲ ತೊಳೆದು ಒರೆಸಿ. ಮತ್ತು ತಿಂಗಳಿಗೆ 3,000 ರೂಪಾಯಿ ಗಾಡಿಯ ಹೆಸರಿನಲ್ಲಿ ಬೇರೆ ಖಾತೆಗೆ ಹಾಕಿ. ನಾಲ್ಕು ವರ್ಷದಲ್ಲಿ 1,44,000 ಆಗುತ್ತದೆ, ಹೊಸತು ತೆಗೆಯುವಾಗ ಸಾಲ ಅಷ್ಟು ಕಡಿಮೆ.

ಘಾಟ್ಕೋಪರಿನ ಮಿತ್ರರಿಗೆ ವರ್ಷಕ್ಕೆ ಏಳೆಂಟು ಆರ್ಡರ್ ಮಾತ್ರ. ಅವರು ಇಂಜಿನ್ ಕೆಲಸ ಮಾಡಿಸಿದರು, ಆರ್ಡರಿಗೆ ಟೆಂಪೋ ಗೊತ್ತು ಮಾಡಿಕೊಂಡರು, ತಿಂಗಳ ಖಾತೆಯನ್ನೂ ತೆರೆದರು. ಮಗನಿಗೆ ಸ್ವಲ್ಪ ಬೇಸರ, ಆದರೆ ಲೆಕ್ಕ ನೋಡಿ ಸುಮ್ಮನಾದ.

ನಮ್ಮ ದೋಸೆ ಕಾವಲಿ ಹಳತಾದಷ್ಟೂ ಒಳ್ಳೆಯದು, ಅದನ್ನು ಯಾರೂ ಬದಲಾಯಿಸುವುದಿಲ್ಲ. ಗಾಡಿ ಕಾವಲಿ ಅಲ್ಲ. ಅದು ಎಂದಾದರೂ ಒಂದು ದಿನ ಹೋಗಲೇಬೇಕು. ಆ ದಿನವನ್ನು ನಾವು ಗೊತ್ತು ಮಾಡಬೇಕು, ಮೇ ತಿಂಗಳ ಬಿಸಿಲಿನಲ್ಲಿ ರಸ್ತೆ ಗೊತ್ತು ಮಾಡಬಾರದು.

ಕೊನೆಗೆ ಒಂದು ವಿನಂತಿ. ಮೆಕ್ಯಾನಿಕ್‌ಗಿಂತ, ಮಗನಿಗಿಂತ, ನನ್ನ ಈ ಲೇಖನಕ್ಕಿಂತ ಮೊದಲು ನಿಮ್ಮ ಚಾಲಕನನ್ನು ಕೇಳಿ. ಗಾಡಿಯಲ್ಲಿ ಕೂರುವವ ಅವನು. ಅವನು ಒಂದು ಸಲ ಹೇಳಿದರೆ ಪುಸ್ತಕದಲ್ಲಿ ಬರೆಯಿರಿ, ಎರಡನೆಯ ಸಲ ಹೇಳುವ ಹಾಗೆ ಮಾಡಬೇಡಿ. ನಮ್ಮ ಚಾಲಕ ಈಗಲೂ ನಮ್ಮಲ್ಲಿಯೇ ಇದ್ದಾನೆ. ಹೊಸ ಗಾಡಿ ತೆಗೆಯುವ ದಿನ ಶೋರೂಮಿಗೆ ಅವನನ್ನೇ ಮೊದಲು ಕೂರಿಸಿಕೊಂಡು ಹೋದೆ. ಕೀಲಿಕೈ ಅವನ ಕೈಯಲ್ಲೇ ತೆಗೆಸಿದೆ. ಅವನು ಏನೂ ಹೇಳಲಿಲ್ಲ, ಬಾನೆಟ್ ಎತ್ತಿ ಮೊದಲು ರೇಡಿಯೇಟರ್ ನೋಡಿದ.

ಲೇಖನದಲ್ಲಿ ತಪ್ಪಿದ್ದರೆ ತಿಳಿದವರು ತಿದ್ದಿ. ನಿಮ್ಮ ಗಾಡಿಯ ಲೆಕ್ಕ ಹಾಕಿದವರು ಮುಂದಿನ ಸಭೆಗೆ ಪುಸ್ತಕ ತನ್ನಿ, ಕಾಫಿ ಕುಡಿಯುತ್ತ ಕೂತು ನೋಡೋಣ.